ಬೀದಿಗೊಂದು ಹಿತ್ತಲು, ಬೀದಿಗೊಂದು ಜಗಲಿ

(ಶಿವಮೊಗ್ಗದಲ್ಲಿ ಬಡಾವಣೆ ನಿವಾಸಿಗಳ ಸಭೆಯೊಂದರಲ್ಲಿ ಆಡಿದ ಮಾತುಗಳು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ, ಅವತ್ತು ಹೇಳಲು ಬಿಟ್ಟುಹೋದ ಒಂದೆರಡು ಸಂಗತಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಮ್ಮ ಬೀದಿಯಲ್ಲಿ ಎಲ್ಲ ಶುರುವಾಗಿದ್ದು ಒಂದು ಕರಿಬೇವಿನ ಗಿಡದಿಂದ. ಬೀದಿಯ ಕೊನೆಯಲ್ಲಿ ಪಾರ್ಕಿಗೆ ಅಂತ ಬಿಟ್ಟ ಜಾಗ ಇತ್ತು. ಹೆಸರಿಗಷ್ಟೇ ಪಾರ್ಕು. ಸುತ್ತ ತಂತಿಬೇಲಿ, ಒಳಗೆ ಎದೆಯೆತ್ತರ ಕಾಂಗ್ರೆಸ್ ಗಿಡ, ಯಾರೋ ಮನೆ ಕಟ್ಟುವಾಗ ಸುರಿದು ಹೋದ ಇಟ್ಟಿಗೆ ಚೂರು. ಅದರ ನಡುವೆ ಯಾವುದೋ ಹಕ್ಕಿ ಹಾಕಿದ ಬೀಜದಿಂದ ಒಂದು ಕರಿಬೇವು ಹುಟ್ಟಿ ಬೆಳೆದಿತ್ತು. ಬೀದಿಯವರೆಲ್ಲ ಬೇಲಿ ಸಂದಿಯಿಂದ ಕೈ ಹಾಕಿ ಎರಡೆರಡು ಎಸಳು ಕಿತ್ತುಕೊಂಡು ಹೋಗುತ್ತಿದ್ದರು. ಒಂದು ದಿನ ಬೆಳಿಗ್ಗೆ ನೋಡಿದರೆ ಗಿಡದ ಅರ್ಧ ಕೊಂಬೆ ಇಲ್ಲ. ಯಾರೋ ಮನೆಯ ಊಟದ ಕಾರ್ಯಕ್ಕೆ ಕತ್ತಿಯಿಂದ ಕಡಿದು ಒಯ್ದಿದ್ದರು.

ಅವತ್ತು ಬೀದಿಯಲ್ಲಿ ಜೋರು ಜಗಳ ಆಯಿತು. ಹತ್ತಾರು ಜನ ಗೇಟು ತೆಗೆದು ಹೊರಗೆ ಬಂದರು. ಆ ಜಗಳದಲ್ಲಿ ನಿಂತಾಗ ನನಗೆ ಹೊಳೆಯಿತು: ನಾನು ಈ ಬೀದಿಗೆ ಬಂದು 11 ವರ್ಷ ಆಗಿದೆ, ಎದುರಿಗೆ ನಿಂತವರಲ್ಲಿ ಅರ್ಧಕ್ಕರ್ಧ ಜನರ ಹೆಸರು ನನಗೆ ಗೊತ್ತಿಲ್ಲ. ಮೂರನೇ ಮನೆಯ ಅಜ್ಜಿಯ ದನಿಯನ್ನು ನಾನು ಮೊದಲ ಸಲ ಕೇಳಿದ್ದು ಅವತ್ತು. ಅವರು ಬೈಯುತ್ತಿರಲಿಲ್ಲ. "ಕರಿಬೇವಿಗೆ ಕತ್ತಿ ಯಾಕೆ ಹಾಕ್ತೀರಿ, ತುದಿ ಚಿವುಟಿ ಸಾಕು, ಎರಡು ಕವಲು ಒಡೀತದೆ" ಅಂತ ಹೇಳುತ್ತಿದ್ದರು. ಗಲಾಟೆಯಲ್ಲಿ ಯಾರೂ ಕೇಳಿಸಿಕೊಳ್ಳಲಿಲ್ಲ.

ನಾನು ಸಾಗರ ತಾಲೂಕಿನ ಒಂದು ಹಳ್ಳಿಯಲ್ಲಿ ಹುಟ್ಟಿದವಳು. ನಮ್ಮ ಕಡೆ ಮನೆ ಅಂದರೆ ಮುಂದೆ ಜಗಲಿ, ಹಿಂದೆ ಹಿತ್ತಲು. ನಡುವೆ ಇರುವುದು ಮಲಗುವುದಕ್ಕೆ, ಅಡುಗೆಗೆ, ದೇವರಿಗೆ. ಬದುಕು ನಡೆಯುತ್ತಿದ್ದದ್ದು ಮಾತ್ರ ಈ ಎರಡು ಕಡೆ. ಅಡಿಕೆ ಸುಲಿಯುವ ಕಾಲಕ್ಕೆ ರಾತ್ರಿ ಊಟ ಮುಗಿಸಿ ಕೇರಿಯ ಹೆಂಗಸರೆಲ್ಲ ನಮ್ಮ ಜಗಲಿಗೆ ಬರುತ್ತಿದ್ದರು. ಮೆಟ್ಟುಗತ್ತಿ ಮುಂದೆ ಇಟ್ಟುಕೊಂಡು ಕೂತರೆ ಹನ್ನೊಂದು ಗಂಟೆವರೆಗೆ ಕೈಯೂ ನಿಲ್ಲುತ್ತಿರಲಿಲ್ಲ, ಬಾಯಿಯೂ ನಿಲ್ಲುತ್ತಿರಲಿಲ್ಲ. ಇವತ್ತು ನಮ್ಮ ಮನೆಯದ್ದು, ನಾಳೆ ಅವರ ಮನೆಯದ್ದು. ಗದ್ದೆ ನೆಟ್ಟಿಗೂ ಹಾಗೆಯೇ, ಮುಯ್ಯಾಳು. ಹಿತ್ತಲಲ್ಲಿ ಬಸಳೆ ಚಪ್ಪರ, ತೊಂಡೆ ಚಪ್ಪರ, ಬಚ್ಚಲ ನೀರು ಹೋಗುವಲ್ಲಿ ಕೆಸು, ಅದರ ಅಂಚಿಗೆ ಒಂದೆಲಗ, ಬೇಲಿ ಮೇಲೆ ಹೀರೆ. ಒಬ್ಬರ ಮನೆಯಲ್ಲಿ ಸೌತೆ ಜಾಸ್ತಿ ಆದರೆ ದಣಪೆ ದಾಟಿ ಪಕ್ಕದ ಮನೆಗೆ ಹೋಗುತ್ತಿತ್ತು. ವಾಪಸ್ ಬರುವಾಗ ಪಾತ್ರೆಯಲ್ಲಿ ಏನಾದರೂ ಇದ್ದೇ ಇರುತ್ತಿತ್ತು. ಬರಿ ಪಾತ್ರೆ ಕೊಡಬಾರದು ಅಂತ ಅಮ್ಮ ನಾಲ್ಕು ಮೆಣಸಿನಕಾಯಿಯನ್ನಾದರೂ ಹಾಕಿ ಕೊಡುತ್ತಿದ್ದರು.

ಪಟ್ಟಣಕ್ಕೆ ಬಂದು 30-40 ಸೈಟಿನಲ್ಲಿ ಮನೆ ಕಟ್ಟಿದೆವು. ಜಗಲಿ ಇರಬೇಕಾದ ಕಡೆ ಕಾರು ನಿಂತಿತು. ಹಿತ್ತಲಿನ ಕಡೆ ಬೋರ್‌ವೆಲ್ಲು, ವಾಷಿಂಗ್ ಮಷಿನ್ನು. ನಾಲ್ಕೂ ಕಡೆ ಕಾಂಪೌಂಡು. ತಪ್ಪು ಅಂತ ಹೇಳುತ್ತಿಲ್ಲ. 1,200 ಚದರಡಿಯಲ್ಲಿ ಇನ್ನೇನು ಮಾಡಲು ಆಗುತ್ತದೆ ಹೇಳಿ? ಒಂದೊಂದು ಮನೆಗೂ ಜಗಲಿ, ಹಿತ್ತಲು ಅಂದರೆ ಈಗ ಆಗದ ಮಾತು. ಆದರೆ ಬೀದಿಗೊಂದು ಹಿತ್ತಲು, ಬೀದಿಗೊಂದು ಜಗಲಿ ಆಗದ ಮಾತಲ್ಲ. ಇವತ್ತು ನಾನು ಹೇಳಲು ಬಂದದ್ದು ಇದೇ.

ಹಳೆಯ ಕೇರಿಯನ್ನು ಹೊಗಳುವಾಗ ಒಂದು ಮಾತು ಹೇಳದೆ ಮುಂದೆ ಹೋಗಬಾರದು. ನಮ್ಮ ಜಗಲಿಗೆ ಎಲ್ಲರೂ ಹತ್ತುತ್ತಿರಲಿಲ್ಲ. ಕೆಲವರು ಅಂಗಳದಲ್ಲೇ ನಿಲ್ಲಬೇಕಿತ್ತು. ಬಾವಿಗೂ ಹಾಗೆಯೇ ಲೆಕ್ಕ ಇತ್ತು. ಕೇರಿ ಅನ್ನುವ ಪದದೊಳಗೇ ಯಾರು ಎಲ್ಲಿರಬೇಕು ಅನ್ನುವ ಗೆರೆ ಇತ್ತು. ಪಟ್ಟಣದಲ್ಲೂ ಇತ್ತು. ನಮ್ಮ ಶಿವಮೊಗ್ಗದ ಹಳೆಯ ಬೀದಿಗಳಲ್ಲಿ ಮನೆಗಳ ಹಿಂದೆ ಒಂದು ಸಣ್ಣ ಓಣಿ ನೋಡಿರುತ್ತೀರಿ, ಕನ್ಸರ್ವೆನ್ಸಿ ಅಂತೀವಿ. ಅದು ಯಾಕೆ ಇತ್ತು ಗೊತ್ತಲ್ವಾ? ಹಿಂಬಾಗಿಲಿನ ಪಾಯಿಖಾನೆಯಿಂದ ಮಲ ಹೊರುವವರು ಯಾರ ಕಣ್ಣಿಗೂ ಬೀಳದೆ ಬಂದು ಹೋಗಲಿ ಅಂತ. 1970ರ ದಶಕದಲ್ಲಿ ದೇವರಾಜ ಅರಸರ ಸರ್ಕಾರದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆ ಮೇಲೆ ಮಲ ಹೊರುವುದನ್ನು ನಿಷೇಧ ಮಾಡಿಸಿದರು. ಆಮೇಲೆ ಆ ಓಣಿಗಳು ಕಸದ ಜಾಗ ಆದವು. ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ಈ ಕನ್ಸರ್ವೆನ್ಸಿಗಳಲ್ಲಿ ಎಷ್ಟನ್ನೋ ಚೊಕ್ಕ ಮಾಡಿ, ನೆಲಕ್ಕೆ ಕಲ್ಲು ಹಾಸಿ, ಗಿಡ ಇಟ್ಟು, ಕೂರಲು ಜಾಗ ಮಾಡಿದ್ದಾರೆ. ಸಂಜೆ ಹೊತ್ತು ಅಲ್ಲಿ ಮಕ್ಕಳು ಆಡುವುದನ್ನು ನೋಡಿದಾಗ ನನಗೆ ನಿಜವಾಗಿ ಕಣ್ಣು ತುಂಬಿ ಬಂತು. ಒಬ್ಬ ಮನುಷ್ಯ ಮುಖ ಮುಚ್ಚಿಕೊಂಡು ನಡೆಯಬೇಕಿದ್ದ ಓಣಿ ಅದು. ಈಗ ಅಲ್ಲಿ ಯಾರು ಬೇಕಾದರೂ ಕೂರಬಹುದು. ನಾವು ಕಟ್ಟುವ ಜಗಲಿಯೂ ಹೀಗೆಯೇ ಇರಬೇಕು. ಮನೆಗೆಲಸಕ್ಕೆ ಬರುವ ಅಕ್ಕ ಅಲ್ಲಿ ಕಾಲು ನೀಡಿ ಕೂತು ಕಾಫಿ ಕುಡಿಯಲು ಆಗದಿದ್ದರೆ ಅದಕ್ಕೆ ಜಗಲಿ ಅನ್ನುವ ಹೆಸರೇ ಬೇಡ.

ಈಗ ನಮ್ಮ ಬೀದಿಯ ಕತೆಗೆ ಬರುತ್ತೇನೆ.

ಪಾರ್ಕಿನ ಜಾಗ ನಮ್ಮದಲ್ಲ, ಊರಿನದ್ದು. 1985ರ ಕರ್ನಾಟಕದ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಕಾಯ್ದೆ ಅಂಥ ಜಾಗವನ್ನು ಬೇರೆ ಕೆಲಸಕ್ಕೆ ಬಳಸದ ಹಾಗೆ ಕಾಪಾಡುತ್ತದೆ. ಅದು ನಮ್ಮ ಒಳ್ಳೆಯದಕ್ಕೇ ಇರುವ ಕಾಯ್ದೆ. ಹಾಗಾಗಿ ಮೊದಲು ಬರವಣಿಗೆಯಲ್ಲಿ ಅನುಮತಿ ಪಡೆದೆವು, ಆಮೇಲೆ ಗುದ್ದಲಿ ಹಿಡಿದೆವು. ನೀವೂ ಹಾಗೆಯೇ ಮಾಡಿ.

2016ರ ಮಳೆಗಾಲದಲ್ಲಿ 60 ಸಸಿ ನೆಟ್ಟೆವು. ಎಲ್ಲರೂ ಬಂದರು, ಫೋಟೊ ತೆಗೆಸಿಕೊಂಡೆವು. "ಎಲ್ಲರೂ ಸೇರಿ ನೀರು ಹಾಕೋಣ" ಅಂತ ತೀರ್ಮಾನ ಆಯಿತು. ಮರುವರ್ಷ ಏಪ್ರಿಲ್‌ನಲ್ಲಿ ಎಣಿಸಿದರೆ ಉಳಿದದ್ದು ಒಂಬತ್ತು. ಎಲ್ಲರದ್ದೂ ಅಂದರೆ ಯಾರದ್ದೂ ಅಲ್ಲ ಅಂತ ಆಗ ಅರ್ಥ ಆಯಿತು.

ಎರಡನೇ ವರ್ಷ ದಾರಿ ಬದಲಿಸಿದೆವು. ಜಾಗವನ್ನು 14 ಮಡಿ ಮಾಡಿ, ಒಂದೊಂದು ಮಡಿಯನ್ನು ಎರಡೆರಡು ಮನೆಗೆ ಕೊಟ್ಟೆವು. ಒಂದು ಮನೆಗೆ ಕೊಟ್ಟರೆ ಅವರು ಊರಿಗೆ ಹೋದಾಗ ಗಿಡ ಒಣಗುತ್ತದೆ. ನಾಲ್ಕು ಮನೆಗೆ ಕೊಟ್ಟರೆ ಅವರು ಹಾಕ್ತಾರೆ ಅಂತ ಇವರು, ಇವರು ಹಾಕ್ತಾರೆ ಅಂತ ಅವರು. ಎರಡು ಮನೆ ಸರಿಯಾದ ಲೆಕ್ಕ. ಜೋಡಿ ಮಾಡುವಾಗ ಬೇಕೆಂದೇ ಬೇರೆ ಬೇರೆ ಥರದ ಮನೆಗಳನ್ನು ಸೇರಿಸಿದೆವು. ಮೂರನೇ ಮನೆ ಅಜ್ಜಿಯ ಜೋಡಿ, ಮಹಡಿ ಮೇಲೆ ಬಾಡಿಗೆಗಿದ್ದ ಇಬ್ಬರು ಹುಡುಗರು. ಅವರು ನೀರು ಹೊತ್ತರು, ಅಜ್ಜಿ ಕಲಿಸಿದರು. ಆ ಹುಡುಗರಲ್ಲಿ ಒಬ್ಬ ಈಗ ಬೇರೆ ಊರಲ್ಲಿ ಕೆಲಸದಲ್ಲಿದ್ದಾನೆ. ಈಗಲೂ ಅಜ್ಜಿಗೆ ಫೋನ್ ಮಾಡಿ ಮೊದಲು ಕೇಳುವುದು ಬಸಳೆ ವಿಚಾರ. ಕರಿಬೇವು, ನುಗ್ಗೆ, ನಿಂಬೆ, ಅಮಟೆ ಇವು ಮಾತ್ರ ಎಲ್ಲರಿಗೂ ಸೇರಿದ್ದು. ಕತ್ತಿ ತರುವಂತಿಲ್ಲ, ಕೈಯಲ್ಲಿ ಚಿವುಟಬೇಕು. ಇದು ಅಜ್ಜಿ ಹಾಕಿದ ಕಾನೂನು, ಯಾರೂ ಮುರಿದಿಲ್ಲ. ಕರಿಬೇವು ಈಗ ನಾಲ್ಕು ಗಿಡ ಆಗಿದೆ.

ಇಂಥ ಕಾನೂನಿನ ಬಗ್ಗೆ ಜೀವಮಾನವಿಡೀ ಅಧ್ಯಯನ ಮಾಡಿದವರು ಅಮೆರಿಕದ ಎಲಿನಾರ್ ಆಸ್ಟ್ರಮ್. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರು, ಆ ವಿಭಾಗದಲ್ಲಿ ಮೊದಲ ಮಹಿಳೆ. ಎಲ್ಲರಿಗೂ ಸೇರಿದ ಕಾಡು, ಕಾಲುವೆ, ಮೀನಿನ ನೀರು ಹಾಳಾಗಿಯೇ ತೀರುತ್ತದೆ ಅನ್ನುವ ಮಾತನ್ನು ಅವರು ಒಪ್ಪಲಿಲ್ಲ. ಬಳಸುವವರೇ ಕೂತು ನಿಯಮ ಮಾಡಿಕೊಂಡರೆ, ತಾವೇ ಕಣ್ಣಿಟ್ಟು ನೋಡಿಕೊಂಡರೆ, ತಪ್ಪಿದವರಿಗೆ ಮೊದಲು ಸಣ್ಣ ಮಾತಲ್ಲಿ ತಿಳಿಹೇಳಿದರೆ ಅದು ತಲೆಮಾರುಗಟ್ಟಲೆ ಉಳಿಯುತ್ತದೆ ಅಂತ ಊರೂರು ನೋಡಿ ತೋರಿಸಿದರು. ಮಲೆನಾಡಿನವರಿಗೆ ಇದು ಹೊಸದಲ್ಲ. ನಮ್ಮ ಸೊಪ್ಪಿನಬೆಟ್ಟ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡು, ನೆನಪು ಮಾಡಿಕೊಳ್ಳಿ. ಉತ್ತರ ಕನ್ನಡದ ಘಟ್ಟದ ಮೇಲೆ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟ ಬಿಟ್ಟಿದ್ದರು. ಸೊಪ್ಪು ಕಡಿಯಬಹುದು, ದರಕು, ಅಂದರೆ ಉದುರಿದ ಒಣ ಎಲೆ, ಗುಡಿಸಬಹುದು, ಬೆಟ್ಟದ ಮಾಲೀಕ ಮಾತ್ರ ನೀನಲ್ಲ. ಎಲ್ಲಿ ತುದಿ ಬಿಟ್ಟು ಕಡಿದರೋ ಅಲ್ಲಿ ಬೆಟ್ಟ ಹಸಿರಾಗಿ ಉಳಿಯಿತು, ಎಲ್ಲಿ ಬೋಳಿಸಿದರೋ ಅಲ್ಲಿ ಬೋಳಾಯಿತು.

ದರಕು ಅಂದ ಕೂಡಲೇ ಗೊಬ್ಬರದ ವಿಷಯ ಹೇಳಬೇಕು. ಇದರಲ್ಲಿ ನಾವು ದೊಡ್ಡದಾಗಿ ಎಡವಿದ್ದೆವು. ಮೇ ತಿಂಗಳಲ್ಲಿ ಗುಂಡಿ ತೆಗೆದು ಅಡುಗೆಮನೆ ಕಸ ಹಾಕಲು ಶುರು ಮಾಡಿದೆವು. ಗುಂಡಿಯೇ ಸಾಕು ಅಂತ ಹಟ ಹಿಡಿದವಳು ನಾನು. ಜೂನ್‌ನಲ್ಲಿ ಮಳೆ ಹಿಡಿಯಿತು. ಗುಂಡಿ ತುಂಬ ನೀರು ನಿಂತು ಕೊಳೆತು ನಾರಿತು. ಎದುರು ಮನೆಯವರು ಕಿಟಕಿ ತೆಗೆಯಲು ಆಗದೆ ಒಂದು ವಾರ ಒದ್ದಾಡಿದರು. ಅವರು ಬಂದು ಕೂಗಾಡಿದ್ದರಲ್ಲಿ ತಪ್ಪೇ ಇರಲಿಲ್ಲ. ಗಾಳಿ ಆಡದ ಕಡೆ ಕಸ ಕೊಳೆಯುತ್ತದೆಯೇ ಹೊರತು ಗೊಬ್ಬರ ಆಗುವುದಿಲ್ಲ. ಮಲೆನಾಡಿನ ಮಳೆಗೆ ಗುಂಡಿ ಸರಿಹೋಗದು.

ಆಮೇಲೆ ನೆಲದ ಮೇಲೆಯೇ ಇಟ್ಟಿಗೆಯನ್ನು ಸಂದಿ ಬಿಟ್ಟು ಜೋಡಿಸಿ ಎರಡು ತೊಟ್ಟಿ ಕಟ್ಟಿದೆವು, ಮೇಲೆ ತಗಡು. ಒಂದು ಬಕೆಟ್ ಹಸಿ ಕಸ ಹಾಕಿದರೆ ಎರಡು ಬಕೆಟ್ ಒಣ ಎಲೆ. ನಡುನಡುವೆ ಸೆಗಣಿ ನೀರು, ಇಲ್ಲವಾದರೆ ಹುಳಿ ಮಜ್ಜಿಗೆ. ವಾರಕ್ಕೊಮ್ಮೆ ಕೈಯಾಡಿಸಬೇಕು. ಮೊದಲು ಫೆಬ್ರವರಿ ಬಂತೆಂದರೆ ಬೀದಿಯಲ್ಲಿ ಹೊಂಗೆ ಎಲೆ, ಮಾವಿನ ಎಲೆ ಗುಡ್ಡೆ ಮಾಡಿ ಬೆಂಕಿ ಇಡುತ್ತಿದ್ದರು. ಈಗ ಚೀಲಕ್ಕೆ ತುಂಬಿ ಮಳೆಗಾಲಕ್ಕೆ ಅಂತ ಕಟ್ಟಿಡುತ್ತೇವೆ. ಎರಡು ಮೂರು ತಿಂಗಳಿಗೆ ಗೊಬ್ಬರ ಸಿಗುತ್ತದೆ, ಕಾಡಿನ ಮಣ್ಣಿನ ವಾಸನೆ ಬರುತ್ತದೆ. ಡಿಸೆಂಬರ್ ಬೆಳಿಗ್ಗೆ ತೊಟ್ಟಿಯ ಮೇಲಿನ ಎಲೆ ಸರಿಸಿದರೆ ಹಬೆ ಏಳುತ್ತದೆ. ಸ್ಕೂಲ್ ವ್ಯಾನಿಗೆ ಕಾಯುವ ಮಕ್ಕಳು ಬಂದು ಅದರ ಮೇಲೆ ಕೈ ಕಾಯಿಸಿಕೊಳ್ಳುತ್ತಾರೆ. "ಒಳಗೆ ಒಲೆ ಉಂಟಾ?" ಅಂತ ಒಬ್ಬ ಹುಡುಗ ಕೇಳಿದ. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಎಲೆ ತಿನ್ನುವಾಗ ಹುಟ್ಟುವ ಬಿಸಿ ಅದು ಅಂತ ಹೇಳಿದೆ. ಮಾರನೇ ದಿನ ಮನೆಯಿಂದ ಬಾಳೆಹಣ್ಣಿನ ಸಿಪ್ಪೆ ತಂದು, ಅವಕ್ಕೆ ತಿಂಡಿ ಅಂತ ಹಾಕಿದ. ಹಸಿ, ಒಣ, ಅಪಾಯಕಾರಿ ಅಂತ ಮೂರು ಥರ ಕಸ ಬೇರೆ ಮಾಡಲೇಬೇಕು ಅಂತ 2016ರ ಘನತ್ಯಾಜ್ಯ ನಿಯಮ ಹೇಳಿತ್ತು. ನಿಯಮ ಓದಿ ಕಲಿಯದವರು ಆ ಹುಡುಗನನ್ನು ನೋಡಿ ಕಲಿತರು.

ನೀರಿನ ಲೆಕ್ಕ ಸುಲಭ. ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಆಸುಪಾಸು ಮಳೆ. ಶಿವಮೊಗ್ಗ ನಗರಕ್ಕೆ ಅದರ ಕಾಲು ಭಾಗವೂ ಇಲ್ಲ. ಆದರೂ ಪಾರ್ಕಿನಲ್ಲಿ ನಾವು ಕಟ್ಟಿದ ಜಗಲಿಯ 300 ಚದರಡಿ ಮಾಡಿನ ಮೇಲೆ 25 ಮಿ.ಮೀ. ಮಳೆ ಸುರಿದರೆ ಸುಮಾರು 700 ಲೀಟರ್ ಬೀಳುತ್ತದೆ. ಡ್ರಮ್ಮು ತುಂಬಿ ಹೆಚ್ಚಾದದ್ದನ್ನು ಇಂಗುಗುಂಡಿಗೆ ಬಿಟ್ಟಿದ್ದೇವೆ. ಬೇಸಿಗೆಗೆ ಇದು ಸಾಲುವುದಿಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ. ಮಾರ್ಚ್ ನಂತರ ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಬಕೆಟ್ಟಿನಲ್ಲಿ ಬರುತ್ತದೆ. ಆಗ ಬದನೆ, ಮೆಣಸು, ಹರಿವೆ ಸಾಕು ಅಂತ ಅರ್ಧ ಮಡಿಗಳನ್ನು ಖಾಲಿ ಬಿಟ್ಟು ದರಕು ಮುಚ್ಚುತ್ತೇವೆ.

ಇನ್ನು ಜಗಲಿ. ನಮ್ಮ ಊರುಗಳ ಪಾರ್ಕುಗಳಲ್ಲಿ ಒಂದು ಕೊರತೆ ಇದೆ. ಬೆಂಚು ಇದೆ, ಮಾಡು ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒದ್ದೆ ಬೆಂಚಿನ ಮೇಲೆ ಯಾರು ಕೂರುತ್ತಾರೆ? ಮನುಷ್ಯರಿಗೆ ಜೊತೆ ಬೇಕು ಅನ್ನಿಸುವುದೇ ಜಡಿಮಳೆಯಲ್ಲಿ. ಹಿರಿಯರು ಜಗಲಿಗೆ ಮಾಡು ಇಳಿಸಿ ಕಟ್ಟಿದ್ದು ಅದಕ್ಕೇ. ಹಾಗಾಗಿ ನಾವು ದುಡ್ಡು ಸೇರಿಸಿದ್ದೆಲ್ಲ ಮಾಡಿಗೇ ಹಾಕಿದೆವು. ಮಂಗಳೂರು ಹಂಚು, ಆರು ಕಂಬ, ಕೆಂಪು ಗಾರೆ ನೆಲ. ಕಾಲು ಇಳಿಬಿಟ್ಟು ಕೂರುವಷ್ಟು ಎತ್ತರ. ಒಂದು ಕಡೆ ಗೋಡೆ, ಯಾಕೆಂದರೆ ವಯಸ್ಸಾದವರಿಗೆ ಬೆನ್ನು ಕೊಡಲು ಏನಾದರೂ ಬೇಕು. ಒಂದು ದೀಪ, ಎರಡು ದಿನಪತ್ರಿಕೆ. ಅಷ್ಟೇ. ಬೆಳಿಗ್ಗೆ ಪತ್ರಿಕೆ ಓದುವವರು, ಮಧ್ಯಾಹ್ನ ಹೂ ಕಟ್ಟುವವರು, ಸಂಜೆ ಮಕ್ಕಳ ಹೋಂವರ್ಕು. ನರ್ಸ್ ಆಗಿ ನಿವೃತ್ತರಾದ ನಮ್ಮ ಬೀದಿಯ ಅಕ್ಕ ಭಾನುವಾರ ಬಿ.ಪಿ. ನೋಡುತ್ತಾರೆ. ಯಾರಾದರೂ ಎರಡು ದಿನ ಜಗಲಿಗೆ ಬರದಿದ್ದರೆ ಮೂರನೇ ದಿನ ಅವರ ಗೇಟು ತಟ್ಟುವವರು ಇರುತ್ತಾರೆ.

ಜನ ಒಟ್ಟಿಗೆ ಕೂರಲು ಒಂದು ಜಾಗ ಇದ್ದರೆ ಏನೆಲ್ಲ ಬೆಳೆಯಬಹುದು ಅನ್ನುವುದಕ್ಕೆ ನಮ್ಮ ಜಿಲ್ಲೆಯಲ್ಲೇ ಹೆಗ್ಗೋಡು ಇದೆ. 1949ರಲ್ಲಿ ಆ ಸಣ್ಣ ಊರಿನವರು ಕಟ್ಟಿಕೊಂಡ ನಾಟಕ ಸಂಸ್ಥೆ ನೀನಾಸಂ ಬಗ್ಗೆ ನಿಮಗೆ ನಾನು ಹೇಳಬೇಕಾಗಿಲ್ಲ. ದೂರದ ಡೆನ್ಮಾರ್ಕಿನಲ್ಲೂ ಇದೇ ಹಸಿವು ಬೇರೆ ರೂಪದಲ್ಲಿ ಬಂತು. 1967ರಲ್ಲಿ ಬೋಡಿಲ್ ಗ್ರಾಯ ಎಂಬ ಹೆಣ್ಣುಮಗಳು, ಒಂದು ಮಗುವಿಗೆ ನೂರು ಜನ ತಂದೆತಾಯಿ ಬೇಕು ಅಂತ ಪತ್ರಿಕೆಯಲ್ಲಿ ಬರೆದರು. ಓದಿದವರು ಸೇರಿ 1972ರ ಹೊತ್ತಿಗೆ 27 ಮನೆಗಳ ಒಂದು ಬಡಾವಣೆಯನ್ನೇ ಕಟ್ಟಿದರು. ಎಲ್ಲರಿಗೂ ಅವರವರ ಮನೆ, ಅವರವರ ಅಡುಗೆಮನೆ ಉಂಟು. ಜೊತೆಗೆ ಎಲ್ಲರಿಗೂ ಸೇರಿದ ಒಂದು ಮನೆ, ಅಲ್ಲಿ ಸರದಿಯ ಮೇಲೆ ಅಡುಗೆ ಮಾಡಿ ಒಟ್ಟಿಗೆ ಊಟ. ನನಗೆ ಅದನ್ನು ಓದಿದಾಗ ಕೇರಿಯ ಮಕ್ಕಳೆಲ್ಲ ಯಾರ ಮನೆಯಲ್ಲಿ ಹೊತ್ತಾಯಿತೋ ಅಲ್ಲೇ ಊಟಕ್ಕೆ ಕೂರುತ್ತಿದ್ದದ್ದು ನೆನಪಾಯಿತು.

2019ರ ಆಗಸ್ಟ್‌ನಲ್ಲಿ ತುಂಗೆ ಉಕ್ಕಿ ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗಿತಲ್ಲ, ನಮ್ಮ ಬೀದಿಗೆ ಬರಲಿಲ್ಲ. ಆದರೆ ನಮ್ಮಲ್ಲಿ ಕೆಲಸಕ್ಕೆ ಬರುವ ಇಬ್ಬರ ಮನೆಗೆ ನುಗ್ಗಿತ್ತು. ಯಾರ ಮನೆಯಲ್ಲಿ ಒಂದು ಕೋಣೆ ಖಾಲಿ ಇದೆ, ಯಾರಲ್ಲಿ ಹೊದಿಕೆ ಜಾಸ್ತಿ ಇದೆ, ಯಾರ ಗ್ಯಾಸ್ ತುಂಬಿದೆ, ಎಲ್ಲ ಒಬ್ಬರಿಗೊಬ್ಬರಿಗೆ ಗೊತ್ತಿತ್ತು. ಒಂದು ಗಂಟೆಯಲ್ಲಿ ಎರಡೂ ಸಂಸಾರಕ್ಕೆ ವ್ಯವಸ್ಥೆ ಆಯಿತು. ಕರಿಬೇವಿನ ಜಗಳಕ್ಕೆ ಮುಂಚೆ ಆಗಿದ್ದರೆ ನಾವು ಗೇಟು ಹಾಕಿಕೊಂಡು ಟಿ.ವಿ.ಯಲ್ಲಿ ನೋಡುತ್ತಿದ್ದೆವು.

ಕೊನೆಗೆ ಭೂಮಿ ಹುಣ್ಣಿಮೆಯ ಒಂದು ವಿಷಯ. ಭತ್ತ ಹೊಡೆ ತುಂಬುವ ಹೊತ್ತಿಗೆ ಭೂಮಿತಾಯಿ ಬಸುರಿ ಅಂತ ಬುಟ್ಟಿಯಲ್ಲಿ ಗದ್ದೆಗೆ ಬಯಕೆ ಊಟ ಒಯ್ದು ಬಡಿಸುವ ಹಬ್ಬ. ನಮ್ಮ ಬೀದಿಯಲ್ಲಿ ಬಾಡಿಗೆಗಿರುವ ಸೊರಬದ ಕಡೆಯ ತಂಗಿ ಒಬ್ಬಳು ಹೋದ ವರ್ಷ ಬುಟ್ಟಿಗೆ ಚಿತ್ತಾರ ಬರೆಯುತ್ತೇನೆ ಅಂದಳು. ದೀವರ ಸಮುದಾಯದ ಮನೆಯ ಹೆಣ್ಣುಮಗಳು. ಜಗಲಿಯಲ್ಲಿ ಕೂತು ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನಲ್ಲಿ ಪುಂಡಿನಾರಿನ ಕುಂಚ ಅದ್ದಿ ಗೆರೆ ಎಳೆದಳು. ಕೂದಲೆಳೆಯಷ್ಟು ಸಣ್ಣ ಗೆರೆ, ಕೈ ಒಂದು ಸಲವೂ ಅಲುಗಲಿಲ್ಲ. ಮಕ್ಕಳು ಉಸಿರು ಬಿಗಿಹಿಡಿದು ನೋಡಿದವು. ಹಬ್ಬಕ್ಕೆ ಎಷ್ಟು ಥರ ಸೊಪ್ಪು ಸಿಕ್ಕರೂ ಬೇಕಲ್ಲ, ರಾತ್ರಿ ಬ್ಯಾಟರಿ ಹಿಡಿದು ತೋಟದಲ್ಲಿ ಹುಡುಕಿದೆವು. ಹರಿವೆ, ಬಸಳೆ, ಕೆಸು, ನುಗ್ಗೆ, ಒಂದೆಲಗ, ದೊಡ್ಡಪತ್ರೆ, ಚಕ್ರಮುನಿ, ಕುಂಬಳದ ಕುಡಿ. ಎಣಿಸಿದಾಗ 19 ಆಯಿತು. ಬೆಳಗಿನ ಜಾವ ಅವಳು ಬುಟ್ಟಿ ಹೊತ್ತು ನಿಂತು, "ಇಲ್ಲಿ ಗದ್ದೆ ಎಲ್ಲಿದೆ ಅಕ್ಕಾ?" ಅಂತ ಕೇಳಿದಳು. ಅಜ್ಜಿ ಅವಳ ಕೈಹಿಡಿದು ಮೊದಲನೇ ಮಡಿಗೆ ಕರೆದುಕೊಂಡು ಹೋದರು. 14 ಮಡಿಗೂ ಎಡೆ ಬಡಿಸಿದಳು. ಗೊಬ್ಬರದ ತೊಟ್ಟಿಗೂ ಒಂದು ಹಿಡಿ ಹಾಕಿಸಿದ್ದು ಆ ಬಾಳೆಸಿಪ್ಪೆಯ ಹುಡುಗ.

ನಿಮಗೆ ಕೊಡಲು ಸ್ವಲ್ಪ ಬೀಜ ತಂದಿದ್ದೇನೆ. ಮೊಗೆಕಾಯಿಯದ್ದು, ಅಜ್ಜಿ ಹಳೆಯ ಪದ್ಧತಿಯಂತೆ ಸೆಗಣಿಗೆ ಒತ್ತಿ ಗೋಡೆಗೆ ಬಡಿದು ಒಣಗಿಸಿದ್ದು. ಶಿರಸಿಯ ವನಸ್ತ್ರೀ ಬಳಗ 2001ರಿಂದ ಮಲೆನಾಡಿನ ಹಿತ್ತಲ ಬೀಜಗಳನ್ನು ಹೆಂಗಸರ ಕೈಯಲ್ಲೇ ಉಳಿಸುವ ಕೆಲಸ ಮಾಡುತ್ತಾ ಬಂದಿದೆ. ಬೀಜ ಬೇಕಾದವರು ಅವರು ನಡೆಸುವ ಮಲೆನಾಡ ಮೇಳಕ್ಕೂ ಹೋಗಿಬನ್ನಿ. ಬೀಜ ಒತ್ತಿದ ಈ ಸೆಗಣಿ ಬಿಲ್ಲೆಗಳನ್ನು ಬಾಗಿಲ ಹತ್ತಿರ ಇಟ್ಟಿದ್ದೇನೆ, ಬೀದಿಗೊಂದರಂತೆ ತೆಗೆದುಕೊಳ್ಳಿ. ಮೃಗಶಿರ ಮಳೆ ಬಿದ್ದು ಮಣ್ಣು ನೆನೆದ ಮೇಲೆ ಏರು ಮಡಿ ಮಾಡಿ ಹಾಕಿ. ಮೊದಲ ಬೆಳೆಯಲ್ಲಿ ಚೆನ್ನಾಗಿರುವ ಒಂದು ಕಾಯಿಯನ್ನು ಬೀಜಕ್ಕೆ ಬಿಡಿ, ಪಕ್ಕದ ಬೀದಿಯವರಿಗೆ ಕೊಡಲು.